ದೇವಿಮನೆ ಘಟ್ಟಕ್ಕೆ ಸಿಬಿ ರೇಡಿಯೋ: ಪಿಕಪ್‌ಗೆ ಯಾವ ಸೆಟ್ ಹಾಕಲಿ?

ಶಿರಸಿ ಪಿಕಪ್:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಬೊಲೆರೋ ಪಿಕಪ್, ಒಂದು ಹಳೇ ಜೀಪು ಇದೆ. ಅಡಿಕೆ, ಕಾಯಿ, ಒಮ್ಮೊಮ್ಮೆ ಯಾರದ್ದಾದರೂ ಮನೆ ಸಾಮಾನು ಹಾಕಿಕೊಂಡು ವಾರಕ್ಕೆ ಎರಡು ಮೂರು ಸಲ ಶಿರಸಿಯಿಂದ ದೇವಿಮನೆ ಘಟ್ಟದ ಮೇಲೆ ಕುಮಟಾಕ್ಕೆ ಇಳಿಯುತ್ತೇವೆ. ತಮ್ಮ ಪಿಕಪ್‌ನಲ್ಲಿ ಮುಂದೆ, ನಾನು ಜೀಪಿನಲ್ಲಿ ಹಿಂದೆ. ರಾಗಿಹೊಸಳ್ಳಿ ದಾಟಿದ ಮೇಲೆ ಫೋನಿನಲ್ಲಿ ಒಂದು ಕಡ್ಡಿಯೂ ಇರಲ್ಲ, ಇದು ನಿಮಗೆಲ್ಲ ಗೊತ್ತಿದ್ದದ್ದೇ.

ಹೋದ ಮಳೆಗಾಲದಲ್ಲಿ ತಮ್ಮ ದಾಟಿದ ಹತ್ತು ನಿಮಿಷಕ್ಕೆ ಘಟ್ಟದಲ್ಲಿ ಮರ ಬಿತ್ತು. ನಾನು ಮೇಲೆ ನಿಂತೆ, ಅವನು ಕೆಳಗೆ ಕತಗಾಲದಲ್ಲಿ ಚಹಾ ಅಂಗಡಿ ಎದುರು ನಿಂತ. ಅವನು ಪಾರಾದನೋ ಇಲ್ಲವೋ ಅಂತ ನನಗೆ ಹೆದರಿಕೆ, ಅಣ್ಣ ಎಲ್ಲಿ ಕಂದಕಕ್ಕೆ ಬಿದ್ದನೋ ಅಂತ ಅವನಿಗೆ ಹೆದರಿಕೆ. ಒಂದೂವರೆ ತಾಸು ಹೀಗೇ ಹೋಯಿತು. ಮನೆಗೆ ಬಂದು ಇಬ್ಬರೂ ಅಮ್ಮನ ಹತ್ತಿರ ಬೈಸಿಕೊಂಡೆವು.

ಆಮೇಲೆ ಅಮೆರಿಕದ ಲಾರಿಯವರು ಬಳಸುವ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೋ ನೋಡಿದೆ, ಗಾಡಿಯಿಂದ ಗಾಡಿಗೆ ಮಾತಾಡುವಂಥದ್ದು. ಕೋಬ್ರಾ 75 ಡಬ್ಲ್ಯುಎಕ್ಸ್ ಎಸ್‌ಟಿ ಅಂತ ಒಂದು ಇದೆ, ಗುಂಡಿಗಳೆಲ್ಲ ಮೈಕಿನಲ್ಲೇ ಇವೆ. ಯುನಿಡೆನ್ ಪ್ರೊ 510 ಚಿಕ್ಕದು. ಪ್ರೆಸಿಡೆಂಟ್ ಬಿಲ್ ಅಂತ ಇನ್ನೊಂದು. ಪಿಕಪ್ ಡ್ಯಾಶ್‌ಬೋರ್ಡಿನಲ್ಲಿ ಗಣಪತಿ, ಟೇಪು, ಬೀಡಿ ಕಟ್ಟು ಬಿಟ್ಟರೆ ಜಾಗ ಇಲ್ಲ. ಯಾವುದು ತಗೊಳ್ಳಲಿ? ಲೈಸೆನ್ಸ್ ಬೇಕಾ?

ಸದಾಶಿವಗಡ:
ಶಿರಸಿ ಭಾವ, ನಾನು ಒಂಬತ್ತು ವರ್ಷ ಕೆನಡಾದಲ್ಲಿ ಟ್ರೇಲರ್ ಓಡಿಸಿ ಊರಿಗೆ ಬಂದವನು. ಅಲ್ಲಿ ಸೆಟ್ ಹಾಕಿ 19ನೇ ಚಾನೆಲ್‌ಗೆ ಇಟ್ಟರೆ ಸಾಕು, ಮುಂದೆ ಹಿಮ ಇದೆಯಾ, ಲಾರಿ ತೂಕ ಮಾಡುವ ಠಾಣೆ ತೆರೆದಿದೆಯಾ ಅಂತ ಯಾರೋ ಒಬ್ಬ ಹೇಳುತ್ತಾನೆ. 9ನೇ ಚಾನೆಲ್ ತುರ್ತು ಕೆಲಸಕ್ಕೆ. ಇಲ್ಲಿ ಹಾಗಲ್ಲ. ದೇವಿಮನೆಯಲ್ಲಿ ನೀವು ರಾತ್ರಿಯಿಡೀ 19ರಲ್ಲಿ ಕೂಗಿದರೂ ಮಂಗ ಬಿಟ್ಟು ಯಾರೂ ಓಗೊಡಲ್ಲ. ಹಾಗಾಗಿ ಒಂದು ಸೆಟ್ ತಗೊಂಡರೆ ಅದು ಶೋಕಿ. ಎರಡು ತಗೊಂಡರೆ ಮಾತ್ರ ಉಪಯೋಗ. ನಿಮಗೆ ಎರಡು ಗಾಡಿ ಇವೆ, ಇಬ್ಬರಿಗೂ ಜಗಳವಿಲ್ಲ, ಅದೇ ದೊಡ್ಡ ಅನುಕೂಲ.

ಎರಡನೇ ಮಾತು. ಎಲ್ಲರೂ ಪೆಟ್ಟಿಗೆ ಬಗ್ಗೆ ಕೇಳುತ್ತಾರೆ, ಆಂಟೆನಾ ಬಗ್ಗೆ ಯಾರೂ ಕೇಳಲ್ಲ. ನೀವು ಹೇಳಿದ ಮೂರೂ ಸೆಟ್ ಎಎಂನಲ್ಲಿ 4 ವ್ಯಾಟ್‌ನವು. ಅದರಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ಗುಬ್ಬಿ ಬಾಲದಂಥ ಆಂಟೆನಾ ಹಾಕಿ ದೊಡ್ಡ ಸೆಟ್ ಕೊಂಡವನಿಗಿಂತ, ಒಳ್ಳೆ ಆಂಟೆನಾ ಹಾಕಿ ಸಾದಾ ಸೆಟ್ ಕೊಂಡವನ ಮಾತು ಎರಡು ಪಟ್ಟು ದೂರ ಹೋಗುತ್ತದೆ. ಸಿಬಿ ಓಡುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ ಲೆಕ್ಕ ಹಾಕಿ, ಎರಡೂಮುಕ್ಕಾಲು ಮೀಟರ್. ಅಷ್ಟುದ್ದದ ಕಡ್ಡಿ ಪಿಕಪ್ ಮೇಲೆ ನಿಲ್ಲಿಸಿಕೊಂಡು ಘಟ್ಟದಲ್ಲಿ ಹೋದರೆ ಬಿದಿರು ಮಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಬುಡದಲ್ಲಿ ತಂತಿ ಸುತ್ತಿ ಗಿಡ್ಡ ಮಾಡಿದ್ದು ಸಿಗುತ್ತದೆ. ಗಿಡ್ಡ ಮಾಡಿದಷ್ಟೂ ಕಸುವು ಕಡಿಮೆ. ಒಂದೂಕಾಲು ಮೀಟರಿನ ಹತ್ತಿರದ್ದು ನಮ್ಮ ರಸ್ತೆಗೆ ಅಡ್ಡಿಲ್ಲ.

ಮಾವಿನಗುಂಡಿ:
ಇಷ್ಟೆಲ್ಲ ಯಾಕೆ ಮಾರಾಯ್ರೆ? ಆನ್‌ಲೈನಲ್ಲಿ ಎರಡು ವಾಕಿಟಾಕಿ ತರಿಸಿ. ಜೋಡಿ ಬರುತ್ತದೆ, ಚಾರ್ಜರ್ ಸಮೇತ. ನನ್ನ ಅಳಿಯ ತರಿಸಿದ್ದಾನೆ, ತೋಟದಲ್ಲಿ ಮಂಗ ಓಡಿಸೋಕೆ ಬಳಸುತ್ತಾನೆ.

ತಂತಿ ಬೇಲಿ:
ಮಾವಿನಗುಂಡಿಯವರೇ, ಅಳಿಯನ ಸೆಟ್ ಯಾವ ಫ್ರೀಕ್ವೆನ್ಸಿಯದ್ದು ಅಂತ ಮೊದಲು ನೋಡಿ. ನಾನು ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವನು, ಪರೀಕ್ಷೆ ಕಟ್ಟಿ ಲೈಸೆನ್ಸ್ ತಗೊಂಡವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಗ್ಗದ ಚೀನಾ ವಾಕಿಟಾಕಿಗಳು 136ರಿಂದ 174, 400ರಿಂದ 470 ಮೆಗಾಹರ್ಟ್ಸ್ ತನಕ ಎಲ್ಲಿ ಬೇಕಾದರೂ ಮಾತಾಡುತ್ತವೆ. ಅಲ್ಲಿ ಹಲವು ಇಲಾಖೆಗಳು ಇವೆ, ಹಡಗಿನವರು ಇದ್ದಾರೆ. ಲೈಸೆನ್ಸ್ ಇಲ್ಲದೆ ಅಲ್ಲಿ ಗುಂಡಿ ಒತ್ತುವುದು ತಪ್ಪು. ಲೈಸೆನ್ಸ್ ಬೇಡದ ವಾಕಿಟಾಕಿ ಅಂದರೆ 446.0ರಿಂದ 446.2 ಮೆಗಾಹರ್ಟ್ಸ್‌ನವು, 2018ರಲ್ಲಿ ಬಿಟ್ಟುಕೊಟ್ಟಿದ್ದು. ತೋಟಕ್ಕೆ ಅದು ಸಾಕು. ಘಟ್ಟದ ತಿರುವಿಗೆ ಅಷ್ಟು ಸಣ್ಣ ಅಲೆ ಬೇಗ ಸೋಲುತ್ತದೆ.

ಸಿಬಿಗೆ ಬರೋಣ. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ತನಕ ಲೈಸೆನ್ಸ್ ಬೇಡ. ಆಂಟೆನಾದಿಂದ ಹೊರಡುವ ಶಕ್ತಿ 5 ವ್ಯಾಟ್ ದಾಟಬಾರದು, ಬೇರೆಯವರಿಗೆ ತೊಂದರೆ ಮಾಡಬಾರದು, ನಮಗೆ ಬೇರೆಯವರಿಂದ ತೊಂದರೆ ಆದರೆ ದೂರು ಕೊಡುವ ಹಾಗಿಲ್ಲ. ಸೆಟ್‌ಗೆ ಡಬ್ಲ್ಯುಪಿಸಿಯ (ಕೇಂದ್ರ ಸರಕಾರದ ರೇಡಿಯೋ ಪರವಾನಗಿ ವಿಭಾಗ) ಇಟಿಎ, ಅಂದರೆ ಆ ಮಾದರಿಯ ಸೆಟ್ಟಿಗೆ ಒಪ್ಪಿಗೆ ಪತ್ರ, ಇರಬೇಕು. ಮಾರುವವನ ಹತ್ತಿರ ಅದರ ಪ್ರತಿ ಕೇಳಿ. ನಿಯಮವನ್ನೂ ಡಬ್ಲ್ಯುಪಿಸಿ ತಾಣದಿಂದ ಇಳಿಸಿಕೊಂಡು ಆಂಟೆನಾ ಬಗ್ಗೆ ಬರೆದದ್ದನ್ನು ಒಮ್ಮೆ ಓದಿ.

ಈಗ ಒಂದು ಲೆಕ್ಕ, ಇದನ್ನು ಯಾವ ಅಂಗಡಿಯವನೂ ಹೇಳಲ್ಲ. ಅಮೆರಿಕದ ಸೆಟ್‌ನಲ್ಲಿ 40 ಚಾನೆಲ್. 1ನೆಯದು 26.965, 40ನೆಯದು 27.405. ನಮ್ಮ ಮಿತಿ 27.283. 27ನೇ ಚಾನೆಲ್ 27.275ರಲ್ಲಿ ಇದೆ, ಅದು ಒಳಗೆ. 28ನೆಯದು 27.285, ಅದು ಬೇಲಿ ಹಾರಿತು. ಅಂದರೆ ನಿಮ್ಮದು 1ರಿಂದ 27, ಅಷ್ಟೇ. 9 ಮತ್ತು 19 ಎರಡೂ ಒಳಗೇ ಇವೆ. ಯುರೋಪಿನ ಪ್ರೆಸಿಡೆಂಟ್ ಕಂಪನಿಯ ಹಲವು ಸೆಟ್‌ಗಳಲ್ಲಿ ದೇಶ ಆರಿಸುವ ಸೌಲಭ್ಯ ಇದೆ, ಅದರಲ್ಲಿ ಭಾರತಕ್ಕೆ ಇಟ್ಟರೆ 27 ಚಾನೆಲ್ ಮಾತ್ರ ಬರುತ್ತವೆ. ತಮ್ಮನ ಬೆರಳು ತಪ್ಪಿ 35ಕ್ಕೆ ಹೋಗುವ ಭಯ ಇಲ್ಲ. ಎಸ್‌ಎಸ್‌ಬಿ (ಅಲೆಯ ಒಂದು ಪಕ್ಕವನ್ನಷ್ಟೇ ಕಳಿಸುವ ವಿಧಾನ) ಇರುವ ಸೆಟ್ ಬೇಡ. ಅದು 12 ವ್ಯಾಟ್ ತನಕ ಹೋಗುತ್ತದೆ, ಬೆಲೆಯೂ ಜಾಸ್ತಿ.

ಕೋಬ್ರಾ 75ರ ಹೆಸರಲ್ಲಿರುವ ಡಬ್ಲ್ಯುಎಕ್ಸ್ ಅಂದರೆ ಹವಾಮಾನ. ಅದು ಅಮೆರಿಕ ಸರಕಾರದ ಹವಾಮಾನ ಪ್ರಸಾರ, 162 ಮೆಗಾಹರ್ಟ್ಸ್‌ನದ್ದು. ಇಲ್ಲಿ ಅದನ್ನು ಒತ್ತಿದರೆ ಜೀರುಂಡೆ ಸದ್ದು ಕೇಳುತ್ತದೆ. ಅದಕ್ಕೆ ದುಡ್ಡು ಕೊಡಬೇಡಿ. ಆದರೆ ಪೆಟ್ಟಿಗೆ ಸೀಟಿನ ಕೆಳಗೆ ಹೋಗಿ ಮೈಕ್ ಮಾತ್ರ ಕೈಗೆ ಸಿಗುವ ರಚನೆ ನಿಮ್ಮ ಗಣಪತಿ ಇರುವ ಡ್ಯಾಶ್‌ಬೋರ್ಡಿಗೆ ಸರಿ ಹೊಂದುತ್ತದೆ, ಅದು ನಿಜ.

ಅರಬೈಲ್ ಲಾರಿ:
ಯಲ್ಲಾಪುರ-ಅಂಕೋಲಾ ರಸ್ತೆಯಲ್ಲಿ ಓಡುವವನು ನಾನು. ಒಂದೇ ಮಾತು. ದೊಡ್ಡ ಲಾರಿಯಲ್ಲಿ ಹಾಕುವವರು ಮೊದಲು ಬ್ಯಾಟರಿ ನೋಡಿ. ನಮ್ಮದು 24 ವೋಲ್ಟ್. ಗೆಳೆಯನೊಬ್ಬ 12 ವೋಲ್ಟಿನ ಸೆಟ್ ಸೀದಾ ಕೊಟ್ಟ, ಒಂದು ಪಟ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಎರಡೂ ವೋಲ್ಟ್ ತಡೆಯುವ ಸೆಟ್ ಇವೆ, ಇಲ್ಲದಿದ್ದರೆ ನಡುವೆ ಕನ್ವರ್ಟರ್ ಹಾಕಬೇಕು. ಎರಡು ಬ್ಯಾಟರಿ ಇದೆ ಅಂತ ಒಂದರಿಂದ ಮಾತ್ರ 12 ಎಳೆಯಬೇಡಿ, ಆ ಬ್ಯಾಟರಿ ಬೇಗ ಸಾಯುತ್ತದೆ.

ಶಿರಸಿ ಪಿಕಪ್:
ಎಲ್ಲರಿಗೂ ಉಪಕಾರ ಆಯಿತು. ಎರಡು ಒಂದೇ ತರದ ಸೆಟ್ ತರಿಸಿದೆ, ಎಎಂ ಮತ್ತು ಎಫ್‌ಎಂ ಎರಡೂ ಇರುವಂಥದ್ದು, ಭಾರತದ 27 ಚಾನೆಲ್‌ಗೆ ಇಟ್ಟದ್ದು. ಅಯಸ್ಕಾಂತದ ಬುಡದ ಆಂಟೆನಾ ಎರಡು. ಪೇಟೆಯಲ್ಲಿ ಗಾಡಿಗೆ ಟೇಪು ಹಾಕುವ ಹುಡುಗನ ಹತ್ತಿರ ಕೂರಿಸಿದೆ. ಟೇಪಿನ ವಯರಿಗೇ ಜೋಡಿಸಿ ಅರ್ಧ ತಾಸಿನಲ್ಲಿ ಮುಗಿಸಿದ.

ಫಲಿತಾಂಶ ಹೀಗಿದೆ. ಎಂಜಿನ್ ಬಂದ್ ಇದ್ದರೆ ತಮ್ಮನ ದನಿ ಚೊಕ್ಕ. ಚಾಲೂ ಮಾಡಿದ ಕೂಡಲೇ ಕುಂಯ್ ಅಂತ ಒಂದು ಸದ್ದು. ಆಕ್ಸಿಲರೇಟರ್ ಒತ್ತಿದರೆ ಕುಂಯ್ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅದರ ಮೇಲೆ ಇನ್ನೊಂದು ಟಕಟಕಟಕ. ದೂರವೂ ಇಲ್ಲ. ಹನುಮಂತಿಯಲ್ಲಿ ನಿಂತವನಿಗೆ ಪೇಟೆಯಿಂದ ಕೂಗಿದರೆ ಮುರುಕು ಮುರುಕು. ದುಡ್ಡು ಹಾಳಾಯಿತೇನೋ ಅಂತ ಅನ್ನಿಸುತ್ತಾ ಇದೆ.

ತಂತಿ ಬೇಲಿ:
ಹಾಳಾಗಿಲ್ಲ. ಗುಂಡಿ ಒತ್ತುವುದನ್ನು ಮಾತ್ರ ಸದ್ಯ ನಿಲ್ಲಿಸಿ. ಆಂಟೆನಾ ಹೊಂದಿಸದೆ ಮಾತಾಡುತ್ತಾ ಇದ್ದರೆ ಹೊರಗೆ ಹೋಗಬೇಕಾದ ಶಕ್ತಿ ವಾಪಸ್ ಬಂದು ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರನ್ನು ಸುಡಬಹುದು. ಆಂಟೆನಾ ಬಿಚ್ಚಿಟ್ಟು ಅಂತೂ ಒತ್ತಲೇ ಕೂಡದು.

ಮೊದಲು ಕರೆಂಟು. ಟೇಪಿನ ವಯರು ಬಿಡಿಸಿ. ಬ್ಯಾಟರಿಯಿಂದಲೇ ಎರಡು ಬೇರೆ ವಯರು ಎಳೆಯಿರಿ, ಕೆಂಪು ಕಪ್ಪು ಎರಡೂ, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ಮಧ್ಯೆ ಎಲ್ಲಾದರೂ ವಯರು ಉಜ್ಜಿ ತಗಡಿಗೆ ತಾಗಿದರೆ ಫ್ಯೂಸ್ ಹೋಗಬೇಕು, ಗಾಡಿ ಹೋಗಬಾರದು. ಕುಂಯ್ ಅನ್ನುವುದು ಆಲ್ಟರ್ನೇಟರಿನ ಸದ್ದು, ಸೀದಾ ಬ್ಯಾಟರಿಗೆ ಕೊಟ್ಟರೆ ಬಹುಪಾಲು ಅಡಗುತ್ತದೆ. ಟಕಟಕ ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗಿನಿಂದ ಬರಬಹುದು. ನಿಮ್ಮದು ಡೀಸೆಲ್, ಪ್ಲಗ್ ಕಿಡಿಯೇ ಇಲ್ಲ. ಹಾಗಾದರೆ ಬೇರೆ ಏನೋ ಇದೆ. ಗಾಡಿಯೊಳಗೆ ಇರುವ ಒಂದೊಂದನ್ನೇ ಕಿತ್ತು ನೋಡಿ.

ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್. ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಅಂತ ತೋರಿಸುವಂಥದ್ದು, ಅಂಕಿ 1ರ ಹತ್ತಿರ ಇದ್ದಷ್ಟೂ ಒಳ್ಳೆಯದು. ಹತ್ತಿರದಲ್ಲಿ ಹ್ಯಾಮ್ ಇದ್ದರೆ ಕೇಳಿ ತನ್ನಿ. ಸೆಟ್ಟಿಗೂ ಆಂಟೆನಾಕ್ಕೂ ನಡುವೆ ಅದನ್ನು ಹಾಕಿ. ಗಾಡಿಯನ್ನು ಬಯಲಿಗೆ ಒಯ್ದು, ಬಾಗಿಲೆಲ್ಲ ಮುಚ್ಚಿ, 1ನೇ ಚಾನೆಲ್‌ನಲ್ಲಿ ಒಮ್ಮೆ, 27ರಲ್ಲಿ ಒಮ್ಮೆ ನೋಡಿ. 27ರಲ್ಲಿ ಅಂಕಿ ದೊಡ್ಡದಿದ್ದರೆ ಕಡ್ಡಿ ಉದ್ದ ಆಗಿದೆ. 1ರಲ್ಲಿ ದೊಡ್ಡದಿದ್ದರೆ ಗಿಡ್ಡ ಆಗಿದೆ. 1.5ರ ಒಳಗೆ ಬಂದರೆ ಹಬ್ಬ, 2ರ ಒಳಗೆ ಇದ್ದರೂ ನಡೆಯುತ್ತದೆ. ಒಂದು ಮಾತು, ಮೊದಲೇ ಕತ್ತರಿ ಹಿಡಿಯಬೇಡಿ. ಬುಡದ ತಿರುಪು ಸಡಿಲಿಸಿ ಕಡ್ಡಿಯನ್ನು ಒಳಗೆ ತಳ್ಳಿ ನೋಡಿ. ತುಂಡು ಮಾಡಿದ ಕಡ್ಡಿ ಮತ್ತೆ ಬೆಳೆಯಲ್ಲ.

ಆಂಟೆನಾ ಎಲ್ಲಿ ಇಟ್ಟಿದ್ದಾನೆ ಆ ಹುಡುಗ?

ಶಿರಸಿ ಪಿಕಪ್:
ಬಾನೆಟ್ಟಿನ ಮೂಲೆಯಲ್ಲಿ.

ಸದಾಶಿವಗಡ:
ಆಯಿತಲ್ಲ! ಕ್ಯಾಬಿನ್ ಮಾಡಿನ ನಟ್ಟನಡುವೆ ಇಡಿ. ಆಂಟೆನಾ ಅಂದರೆ ಬರೀ ಕಡ್ಡಿ ಅಲ್ಲ, ಕೆಳಗಿನ ತಗಡು ಅದರ ಇನ್ನರ್ಧ. ಮೂಲೆಯಲ್ಲಿಟ್ಟರೆ ಒಂದೇ ದಿಕ್ಕಿಗೆ ಜಾಸ್ತಿ ಹೋಗುತ್ತದೆ. ಫೈಬರ್ ಮಾಡಿನ ಗಾಡಿಗೆ ಈ ಅಯಸ್ಕಾಂತದ್ದು ಅಂಟುವುದೂ ಇಲ್ಲ, ಕೆಲಸಕ್ಕೂ ಬರಲ್ಲ.

ನಮ್ಮ ಕಾರವಾರದ ಕಡೆಯವರಿಗೆ ಇನ್ನೊಂದು. ಉಪ್ಪುಗಾಳಿಗೆ ಕೇಬಲ್ ತುದಿಯ ಪ್ಲಗ್ಗು ಒಂದೇ ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ನೀರು ಹೋಗದ ಹಾಗೆ ರಬ್ಬರ್ ಟೇಪು ಬಿಗಿಯಾಗಿ ಸುತ್ತಿ. ಅಯಸ್ಕಾಂತವನ್ನು ವಾರಕ್ಕೊಮ್ಮೆ ಎತ್ತಿ ಅಡಿ ಒರೆಸಿ. ನಾನು ಒರೆಸದೆ ಬಿಟ್ಟು ಮಾಡಿನ ಮೇಲೆ ದೋಸೆ ಕಾವಲಿಯಷ್ಟು ದೊಡ್ಡ ತುಕ್ಕಿನ ವೃತ್ತ ಮಾಡಿಕೊಂಡಿದ್ದೇನೆ.

ಮತ್ತೆ ಅರ್ಗಾ ಕಡೆ ನೌಕಾನೆಲೆ ಬೇಲಿ ಪಕ್ಕ ಗಾಡಿ ನಿಲ್ಲಿಸಿ ಆಂಟೆನಾ ಹೊಂದಿಸುತ್ತಾ ಕೂರಬೇಡಿ. ಕಾನೂನು ನಿಮ್ಮ ಪರ ಇದ್ದರೂ ಅರ್ಧ ದಿನ ಉತ್ತರ ಹೇಳುವುದರಲ್ಲೇ ಹೋಗುತ್ತದೆ.

ತದಡಿ ದೋಣಿ:
ನಮ್ಮ ದೋಣಿಗೆ ಇದನ್ನು ಹಾಕಬಹುದಾ? ನೀರಿನ ಮೇಲೆ ಚೆನ್ನಾಗಿ ಹೋಗುತ್ತದೆ ಅಂತ ಕೇಳಿದ್ದೇನೆ.

ತಂತಿ ಬೇಲಿ:
ಹೋಗುವುದೇನೋ ಚೆನ್ನಾಗಿ ಹೋಗುತ್ತದೆ, ಆಂಟೆನಾ ಕೆಳಗಿನ ತಗಡಿನ ಕೆಲಸವನ್ನು ಉಪ್ಪುನೀರೇ ಮಾಡುತ್ತದೆ. ಆದರೆ ಕೇಳುವವರು ಯಾರು? ಸಮುದ್ರದಲ್ಲಿ ಎಲ್ಲರೂ ಕಿವಿ ಇಟ್ಟಿರುವುದು ಮರೀನ್ ವಿಎಚ್‌ಎಫ್ 16ನೇ ಚಾನೆಲ್‌ಗೆ, 156.8 ಮೆಗಾಹರ್ಟ್ಸ್. ದೋಣಿಯಲ್ಲಿ ಆ ಸೆಟ್ಟೇ ಇರಲಿ. ದಡದ ಹತ್ತಿರ ಫೋನ್ ಸಿಕ್ಕರೆ ಕರಾವಳಿ ಕಾವಲು ಪಡೆಯ 1554. ಜೀವದ ವಿಷಯಕ್ಕೆ ಸಿಬಿ ನಂಬಬೇಡಿ.

ಶಿರಸಿ ಪಿಕಪ್:
ಹತ್ತು ದಿನ ಆಯಿತು, ವರದಿ ಕೊಡುತ್ತೇನೆ.

ಬ್ಯಾಟರಿಯಿಂದ ವಯರು ನಾನೇ ಎಳೆದೆ. ಕುಂಯ್ ಮುಕ್ಕಾಲು ಪಾಲು ಹೋಯಿತು. ಟಕಟಕ ಹಾಗೇ ಇತ್ತು. ಟೇಪು ಕಿತ್ತೆ, ಇತ್ತು. ಗಣಪತಿಗೆ ಹಾಕಿದ ಬಣ್ಣದ ದೀಪ ಕಿತ್ತೆ, ಅಮ್ಮ ಬೈದರು, ಸದ್ದು ಇತ್ತು. ಕೊನೆಗೆ ತಮ್ಮ ಫೋನ್ ಚಾರ್ಜಿಗೆ ಹಾಕುವ ಆ ಎಂಬತ್ತು ರೂಪಾಯಿ ಚಾರ್ಜರನ್ನು ಸಿಗರೇಟ್ ತೂತಿನಿಂದ ಎಳೆದ. ಮೌನ! ಮತ್ತೆ ಹಾಕಿದ, ಟಕಟಕ. ತೆಗೆದ, ಮೌನ. ಒಂದು ವಾರ ನಾನು ಆಲ್ಟರ್ನೇಟರ್ ಬಿಚ್ಚುವ ತನಕ ಯೋಚನೆ ಮಾಡಿದ್ದೆ, ನೋಡಿ.

ಮೀಟರ್ ಸಿಕ್ಕಿತು. ಮಾಡಿನ ನಡುವೆ ಇಟ್ಟ ಮೇಲೂ ಮೊದಲ ಸಲ 1ರಲ್ಲಿ 1.9, 27ರಲ್ಲಿ 2.6. ಅಂದರೆ ಉದ್ದ. ಅಲೆನ್ ಕೀಲಿಯಲ್ಲಿ ತಿರುಪು ಸಡಿಲಿಸಿ ಎರಡು ನೂಲು ಒಳಗೆ ತಳ್ಳಿದೆ. 1.7, 2.2. ಮತ್ತೆ ಎರಡು ನೂಲು. ಹೀಗೇ ತಳ್ಳಿ ತಳ್ಳಿ ಕೊನೆಗೆ ಎರಡೂ ಕಡೆ 1.4ರ ಆಸುಪಾಸು ಬಂತು. ಕತ್ತರಿಸುವ ಕೆಲಸವೇ ಬೀಳಲಿಲ್ಲ. ಜೀಪಿಗೆ ಕ್ಯಾನ್‌ವಾಸ್ ಮಾಡು, ಅದಕ್ಕೆ ಬಾನೆಟ್ಟಿನ ನಡುವೆಯೇ ಇಟ್ಟೆ. ಅದು 1.8ಕ್ಕಿಂತ ಇಳಿಯಲಿಲ್ಲ, ಬಿಟ್ಟೆ.

ಈಗ ಪೇಟೆಯಿಂದ ಹನುಮಂತಿಗೆ ಎದುರು ಕೂತು ಮಾತಾಡಿದ ಹಾಗಿದೆ. ಬಯಲಲ್ಲಿ ಆರೇಳು ಕಿಲೋಮೀಟರ್ ಬರುತ್ತದೆ. ಘಟ್ಟದೊಳಗೆ ಅಷ್ಟಿಲ್ಲ, ನಡುವೆ ಗುಡ್ಡ ಬಂದರೆ ಎರಡು ಕಿಲೋಮೀಟರಿಗೇ ಮುರಿಯುತ್ತದೆ, ಇನ್ನೊಂದು ತಿರುವು ದಾಟಿದರೆ ಮತ್ತೆ ಸಿಗುತ್ತದೆ. ನಮಗೆ ಅಷ್ಟು ಸಾಕು. ಎಫ್‌ಎಂ ಹತ್ತಿರದಲ್ಲಿ ಚೊಕ್ಕ, ದೂರ ಆದ ಹಾಗೆ ಎಎಂ ವಾಸಿ ಅನ್ನಿಸಿತು. ಇಬ್ಬರೂ ಒಂದೇ ಇಡಬೇಕು, ಮೊದಲ ದಿನ ನಾನು ಎಎಂ, ಅವನು ಎಫ್‌ಎಂ ಇಟ್ಟುಕೊಂಡು ಪರಸ್ಪರ ಬೈದುಕೊಂಡೆವು.

ಒಂದು ಪ್ರಶ್ನೆ. ಮೊನ್ನೆ ಮಧ್ಯಾಹ್ನ ಯಾವುದೋ ಗೊತ್ತಿಲ್ಲದ ಭಾಷೆ, ತಮ್ಮನ ದನಿಗಿಂತ ಜೋರಾಗಿ ಬಂತು. ಯಾರವರು?

ತಂತಿ ಬೇಲಿ:
ಅವರು ಸಾವಿರಾರು ಕಿಲೋಮೀಟರ್ ಆಚೆಯವರು. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಮೇಲಿನ ಅಯಾನು ಪದರ 27 ಮೆಗಾಹರ್ಟ್ಸನ್ನು ಕನ್ನಡಿಯ ಹಾಗೆ ಕೆಳಗೆ ತಿರುಗಿಸುತ್ತದೆ. ಸುಮಾರು 11 ವರ್ಷಕ್ಕೊಮ್ಮೆ ಇದರ ಉಬ್ಬರ. ನಮ್ಮಂಥವರಿಗೆ ಮಜಾ, ನಿಮಗೆ ಕಿರಿಕಿರಿ. ಇಬ್ಬರೂ ಮೊದಲೇ ಮಾತಾಡಿಕೊಂಡ ಇನ್ನೊಂದು ಚಾನೆಲ್‌ಗೆ ಹೋಗಿ. ಕತ್ತಲಾದ ಮೇಲೆ ಸಾಮಾನ್ಯವಾಗಿ ಅಡಗುತ್ತದೆ.

ಅರಬೈಲ್ ಲಾರಿ:
2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತಲ್ಲ, ಆಗ ನಾನು ಲೋಡ್ ಸಮೇತ ಹಿಂದೆ ಸಿಕ್ಕಿಬಿದ್ದಿದ್ದೆ. ಮುಂದೆ ಏನಾಗಿದೆ ಅಂತ ಹೇಳುವವರಿಲ್ಲ, ಒಬ್ಬೊಬ್ಬರದ್ದು ಒಂದೊಂದು ಕತೆ. ಮತ್ತೆ ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಈ ರಸ್ತೆಯ ಹತ್ತಿಪ್ಪತ್ತು ಲಾರಿಯವರಾದರೂ ಸೆಟ್ ಹಾಕಿ ಒಂದೇ ಚಾನೆಲ್ ಹಿಡಿದರೆ ಎಷ್ಟು ಅನುಕೂಲ ಅಲ್ವಾ? ಕೆನಡಾದ ಹಾಗೆ 19.

ಸದಾಶಿವಗಡ:
ಆಗಲಿ. ನನ್ನ ಕಾರಿನಲ್ಲಿ ಇವತ್ತಿಂದ 19, ಎಎಂ. ಕಾರವಾರ-ಅಂಕೋಲಾ ನಡುವೆ ಯಾರಾದರೂ ಕೂಗಿದರೆ ಓಗೊಡುತ್ತೇನೆ. ಒಂದು ವಿನಂತಿ, ಗಾಡಿ ಓಡಿಸುತ್ತಾ ಮೈಕ್ ಹಿಡಿಯಬೇಡಿ. ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಕ್ಕೆ ದಂಡ ಇದೆ, ಅದಕ್ಕಿಂತ ಹೆಚ್ಚಾಗಿ ತಿರುವು ಇದೆ. ಪಕ್ಕದವರು ಮಾತಾಡಲಿ. ಬಾಯಿಂದ ಮೂರು ಬೆರಳು ದೂರ ಹಿಡಿದು, ಗುಂಡಿ ಒತ್ತಿ ಒಂದು ಉಸಿರು ಬಿಟ್ಟು ಮಾತು ಶುರು ಮಾಡಿ, ಇಲ್ಲದಿದ್ದರೆ ಮೊದಲ ಶಬ್ದ ನುಂಗಿಹೋಗುತ್ತದೆ.

ಮಾವಿನಗುಂಡಿ:
ಅಳಿಯನ ವಾಕಿಟಾಕಿ ನೋಡಿದೆ. 400ರಿಂದ 470 ಅಂತಲೇ ಬರೆದಿದೆ. ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಮಂಗಕ್ಕೆ ಮತ್ತೆ ಕವಣೆಯೇ ಗತಿ.

ಶಿರಸಿ ಪಿಕಪ್:
ನಿನ್ನೆ ದೇವಿಮನೆಯಲ್ಲಿ ಮಂಜು, ಎದುರಿನ ಗಾಡಿಯ ದೀಪವೂ ಕಾಣುತ್ತಿರಲಿಲ್ಲ. ನನ್ನ ಪಕ್ಕ ಮಾವನ ಮಗ ಕೂತಿದ್ದ, ಮೈಕ್ ಅವನ ಕೈಯಲ್ಲಿ. ಕೆಳಗಿಂದ ತಮ್ಮನ ಗಾಡಿಯವರು ಹೇಳಿದರು: "ದೇವಸ್ಥಾನದ ಕೆಳಗಿನ ಎರಡನೇ ತಿರುವಲ್ಲಿ ಟ್ಯಾಂಕರ್ ನಿಂತಿದೆ, ಎಡಕ್ಕೆ ಕಲ್ಲು ಬಿದ್ದಿದೆ, ನಿಧಾನ ಬನ್ನಿ." ನಿಧಾನ ಬಂದೆವು. ಟ್ಯಾಂಕರ್ ಅಲ್ಲೇ ಇತ್ತು, ಕಲ್ಲೂ ಇತ್ತು. ದಾಟಿದ ಮೇಲೆ ದಾಟಿದೆವು ಅಂತ ಹೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಬಂತು ತಮ್ಮನ ದನಿ, ಗಾಡಿ ನಿಲ್ಲಿಸಿಯೇ ಮಾತಾಡಿದ್ದಂತೆ: "ಅಣ್ಣಾ, ಕತಗಾಲದಲ್ಲಿ ಬನ್ಸ್ ಬಿಸಿ ಇದೆ, ಎಷ್ಟು ಹೇಳಲಿ?"